ನೀರಿದ್ದರೆ ಗೊಬ್ಬರ, ಗೊಬ್ಬರವಿದ್ದರೆ ನೀರು: ಅಂತರಕ್ರಿಯೆಯ ಸಮೀಕರಣದಲ್ಲಿ ಬೀಟಾ ಓದುವ ಬಗೆ

ಮೆಕ್ಕೆಜೋಳಕ್ಕೆ ಸಾರಜನಕ ಎಷ್ಟು ಕೊಡಬೇಕು ಎಂದು ಕೇಳಿದರೆ ಕರ್ನಾಟಕದ ಬೇಸಾಯ ಕೈಪಿಡಿಗಳು ಒಂದು ಉತ್ತರ ಹೇಳುವುದಿಲ್ಲ, ಎರಡು ಹೇಳುತ್ತವೆ. ನೀರಾವರಿಯಾದರೆ ಹೆಕ್ಟೇರಿಗೆ 150 ಕಿಲೊ, ಮಳೆಯಾಶ್ರಯವಾದರೆ 100 ಕಿಲೊ. ಎಕರೆಗೆ ಇಳಿಸಿದರೆ 60 ಮತ್ತು 40. ಯೂರಿಯಾದಲ್ಲಿ ಸಾರಜನಕದ ಪಾಲು ಶೇಕಡಾ 46. ಈಗಿನ 45 ಕಿಲೊ ಚೀಲದಲ್ಲಿ ಅದು ಸುಮಾರು 20.7 ಕಿಲೊ. ಅಂದರೆ ಎರಡು ಉತ್ತರಗಳ ನಡುವಿನ ಅಂತರ ರೈತನ ಲೆಕ್ಕದಲ್ಲಿ ಎಕರೆಗೆ ಹತ್ತಿರ ಹತ್ತಿರ ಒಂದು ಚೀಲ.

ದಾವಣಗೆರೆ ಜಿಲ್ಲೆಯ ಜಗಳೂರಿನ ಖುಷ್ಕಿ ಹೊಲದವರಿಗೂ ಹರಿಹರ ತಾಲ್ಲೂಕಿನ ಭದ್ರಾ ಅಚ್ಚುಕಟ್ಟಿನವರಿಗೂ ಈ ಅಂತರದ ಕಾರಣವನ್ನು ವಿವರಿಸುವ ಅಗತ್ಯವಿಲ್ಲ. ಹಸಿ ಇಲ್ಲದ ನೆಲಕ್ಕೆ ಯೂರಿಯಾ ಚೆಲ್ಲಿದರೆ ದುಡ್ಡು ಚೆಲ್ಲಿದ ಹಾಗೆ. ಗೊಬ್ಬರದ ಫಲ ನೀರಿನ ಮೇಲೆ ನಿಂತಿದೆ, ನೀರಿನ ಫಲ ಗೊಬ್ಬರದ ಮೇಲೆ. ಸಂಖ್ಯಾಶಾಸ್ತ್ರ ಇದಕ್ಕೆ ಅಂತರಕ್ರಿಯೆ ಎನ್ನುತ್ತದೆ. ರೈತನಿಗೆ ಗೊತ್ತಿರುವ ಈ ಸಂಗತಿ ಪ್ರಬಂಧದ ಕೋಷ್ಟಕಕ್ಕೆ ಬಂದಾಗ ಮಾತ್ರ ತಲೆಕೆಳಗಾಗುತ್ತದೆ. ಎಲ್ಲಿ ಮತ್ತು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ಈ ವಿಚಾರದ ಹುಟ್ಟೂರೂ ಹೊಲವೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಆರ್. ಎ. ಫಿಶರ್ ಮತ್ತು ವಿನಿಫ್ರೆಡ್ ಮೆಕೆಂಜಿ 1923ರಲ್ಲಿ 12 ಆಲೂಗಡ್ಡೆ ತಳಿಗಳ ಮೇಲೆ ಗೊಬ್ಬರದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವರ ಪ್ರಶ್ನೆ ಯಾವ ತಳಿ ಹೆಚ್ಚು ಇಳುವರಿ ಕೊಡುತ್ತದೆ ಎಂಬುದಷ್ಟೇ ಆಗಿರಲಿಲ್ಲ; ಒಂದೇ ಗೊಬ್ಬರಕ್ಕೆ ಬೇರೆ ಬೇರೆ ತಳಿಗಳು ಬೇರೆ ಬೇರೆ ರೀತಿ ಸ್ಪಂದಿಸುತ್ತವೆಯೇ ಎಂಬುದಾಗಿತ್ತು. ಆ ದತ್ತಾಂಶದಲ್ಲಿ ಅಂಥ ಭೇದ ಕಾಣಲಿಲ್ಲ. ಪ್ರಶ್ನೆ ಮಾತ್ರ ಉಳಿಯಿತು, ಬೆಳೆಯಿತು.

ಈಗ ಒಂದು ಸಮೀಕರಣ. ಕೆಳಗಿನ ಅಂಕಿಗಳು ಯಾವ ಸಮೀಕ್ಷೆಯವೂ ಅಲ್ಲ. ಕೈಲೆಕ್ಕಕ್ಕೆ ಸಲೀಸಾಗಲೆಂದು ಕಲ್ಪಿಸಿಕೊಂಡವು. ಎಕರೆಗೆ ಕ್ವಿಂಟಾಲ್ ಲೆಕ್ಕದ ಇಳುವರಿ, ಕಿಲೊ ಲೆಕ್ಕದ ಸಾರಜನಕ, ಮಳೆ ಮತ್ತು ಹಾಯಿಸಿದ ನೀರು ಸೇರಿ ಸೆಂಟಿಮೀಟರ್ ಲೆಕ್ಕದ ನೀರು. ರಿಗ್ರೆಶನ್ ಹೀಗೆ ಬಂದಿದೆ ಎನ್ನೋಣ: ಇಳುವರಿ = 6 − 0.20 × ಸಾರಜನಕ + 0.08 × ನೀರು + 0.008 × ಸಾರಜನಕ × ನೀರು. ಸಾರಜನಕದ ಸರಾಸರಿ 40, ಮಾನಕ ವಿಚಲನೆ 10. ನೀರಿನ ಸರಾಸರಿ 50, ಮಾನಕ ವಿಚಲನೆ 10. ಇವೆರಡರ ನಡುವೆ ಸಂಬಂಧವಿಲ್ಲ. ಇಳುವರಿಯ ಸರಾಸರಿ 18, ಮಾನಕ ವಿಚಲನೆ 5.

ಮೊದಲ ಗಾಬರಿ ಇಲ್ಲೇ. ಸಾರಜನಕದ ಮುಂದೆ ಋಣ ಚಿಹ್ನೆ! ಗೊಬ್ಬರ ಹಾಕಿದರೆ ಬೆಳೆ ಕಡಿಮೆಯಾಗುತ್ತದೆಯೇ? ದಾವಣಗೆರೆ ಬಳಿಯ ತೋಳಹುಣಸೆಯ ವಿಶ್ವವಿದ್ಯಾನಿಲಯದಲ್ಲಾಗಲಿ ಬೇರೆಲ್ಲೇ ಆಗಲಿ, ಇಂಥ ಕೋಷ್ಟಕ ಕಂಡ ಸಂಶೋಧನಾ ವಿದ್ಯಾರ್ಥಿ ಒಂದೋ ಗುಣಲಬ್ಧದ ಪದವನ್ನೇ ಅಳಿಸಿಹಾಕುತ್ತಾನೆ, ಇಲ್ಲವೇ ಋಣ ಚಿಹ್ನೆಗೊಂದು ಕಥೆ ಕಟ್ಟುತ್ತಾನೆ. ಎರಡೂ ಬೇಕಿಲ್ಲ. ಗುಣಲಬ್ಧ ಇರುವ ಸಮೀಕರಣದಲ್ಲಿ −0.20 ಎಂಬುದು ನೀರು ಸೊನ್ನೆ ಇರುವಾಗಿನ ಪರಿಣಾಮ. ಇಡೀ ಹಂಗಾಮಿನಲ್ಲಿ ಒಂದು ಹನಿಯೂ ಬೀಳದ ಹೊಲ ಯಾರ ದತ್ತಾಂಶದಲ್ಲೂ ಇಲ್ಲ. ಇದ್ದರೆ ಅಲ್ಲಿ ಬಿತ್ತನೆಯೇ ಆಗಿರುವುದಿಲ್ಲ. ನೀರು 50 ಸೆಂಟಿಮೀಟರ್ ಇರುವಲ್ಲಿ ಪರಿಣಾಮ ಬೇಕಾದರೆ −0.20 ಜೊತೆಗೆ 0.008 × 50 ಕೂಡಿಸಬೇಕು. ಬರುವುದು +0.20. ಕಿಲೊ ಸಾರಜನಕಕ್ಕೆ ಐದನೇ ಒಂದು ಕ್ವಿಂಟಾಲ್ ಮೆಕ್ಕೆಜೋಳ. ನೀರು 65 ಆದರೆ 0.32, 25 ಆದರೆ ಸೊನ್ನೆ.

ಹಾಗಾದರೆ ‘ಸಾರಜನಕದ ಪರಿಣಾಮ’ ಎಂಬ ಒಂದೇ ಅಂಕಿ ಈ ಸಮೀಕರಣದೊಳಗೆ ಇಲ್ಲವೇ ಇಲ್ಲ. ಇರುವುದು ನೀರಿನೊಂದಿಗೆ ಏರುವ ಒಂದು ಗೆರೆ. ಇದಿಷ್ಟು ಮನಸ್ಸಿಗೆ ಹಿಡಿದರೆ ಮುಂದಿನದು ಸುಲಭ.

ಮಾನಕೀಕರಣದ ಆಸೆ ಎಲ್ಲಿಂದ ಬಂತು? ಕಿಲೊ ಮತ್ತು ಸೆಂಟಿಮೀಟರುಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂಬ ತೊಂದರೆಯಿಂದ. ಪ್ರತಿ ಅಳತೆಯಿಂದಲೂ ಅದರ ಸರಾಸರಿ ಕಳೆದು, ಮಾನಕ ವಿಚಲನೆಯಿಂದ ಭಾಗಿಸಿದರೆ ಎಲ್ಲವೂ ಒಂದೇ ಘಟಕಕ್ಕೆ ಬರುತ್ತವೆ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಸ್ಯೂಯಲ್ ರೈಟ್ 1920ರಲ್ಲಿ ಗಿನಿಹಂದಿಗಳ ಮೈಮೇಲಿನ ಮಚ್ಚೆಗಳಿಗೆ ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ಲೆಕ್ಕ ಹಾಕಲು ಈ ದಾರಿ ಹಿಡಿದರು. 1925ರಲ್ಲಿ ಅದೇ ದಾರಿಯಲ್ಲಿ ಅವರು ಅಳೆದದ್ದು ಮೆಕ್ಕೆಜೋಳದ ಬೆಳೆ, ಅದರ ಬೆಲೆ ಮತ್ತು ಹಂದಿ ಸಾಕಣೆಯ ನಡುವಿನ ಸಂಬಂಧವನ್ನು. ಹಂದಿಯ ಜಾಗದಲ್ಲಿ ಕೋಳಿಯನ್ನು ಇಟ್ಟರೆ ದಾವಣಗೆರೆಯ ಎಪಿಎಂಸಿ ವರ್ತಕರಿಗೂ ಆ ಅಧ್ಯಯನ ಪರಕೀಯವಲ್ಲ. ಇಲ್ಲಿನ ಮೆಕ್ಕೆಜೋಳವೂ ಬಹುಪಾಲು ಹೋಗುವುದು ಪಶು ಪಕ್ಷಿಗಳ ಹೊಟ್ಟೆಗೇ.

ರೈಟ್ ಅವರ ವಿಧಾನವನ್ನು ಎಲ್ಲರೂ ಒಪ್ಪಲಿಲ್ಲ. ಘಟಕಗಳನ್ನು ಕಿತ್ತೆಸೆದರೆ ಅರ್ಥವೂ ಜೊತೆಗೇ ಹೋಗುತ್ತದೆ ಎಂದು ಜಾನ್ ಟುಕಿ 1954ರಲ್ಲಿ ತಕರಾರು ತೆಗೆದರು. ಮಾನಕೀಕರಿಸಿದ ಮತ್ತು ಮೂಲ ಘಟಕದ ಸಹಗುಣಕಗಳೆರಡಕ್ಕೂ ತಮ್ಮ ತಮ್ಮ ಕೆಲಸವಿದೆ ಎಂದು ರೈಟ್ 1960ರಲ್ಲಿ ಉತ್ತರ ಬರೆದರು. ಸಮಾಜ ವಿಜ್ಞಾನದ ಪ್ರಬಂಧಗಳು ಆ ಜಗಳಕ್ಕೆ ಕಿವಿಗೊಡದೆ ಮಾನಕೀಕರಿಸಿದ ಸಹಗುಣಕವನ್ನು, ಅಂದರೆ ಬೀಟಾವನ್ನು, ಅಪ್ಪಿಕೊಂಡವು. ಯಾವ ಬೀಟಾ ದೊಡ್ಡದೋ ಆ ಕಾರಣವೇ ಮುಖ್ಯ ಎಂದು ಬರೆಯುವುದು ವಾಡಿಕೆಯಾಯಿತು.

ಗುಣಲಬ್ಧವಿಲ್ಲದ ಸಮೀಕರಣದಲ್ಲಿ ಈ ವಾಡಿಕೆಯಿಂದ ಆಗುವ ಕೇಡು ಸ್ವಲ್ಪ. ಗುಣಲಬ್ಧ ಬಂದ ಕೂಡಲೇ ದೊಡ್ಡದು.

ಎಸ್‌ಪಿಎಸ್‌ಎಸ್‌ನಂಥ ತಂತ್ರಾಂಶ ಕೇಳದಿದ್ದರೂ ಬೀಟಾ ಎಂಬ ಕಾಲಂ ಮುದ್ರಿಸುತ್ತದೆ. ಅದು ಮಾಡುವ ಲೆಕ್ಕ ಸರಳ: ಪ್ರತಿ ಸಹಗುಣಕವನ್ನು ಆ ಅಂಕಣದ ಮಾನಕ ವಿಚಲನೆಯಿಂದ ಗುಣಿಸಿ, ಇಳುವರಿಯ ಮಾನಕ ವಿಚಲನೆಯಿಂದ ಭಾಗಿಸುವುದು. ನಮ್ಮ ಉದಾಹರಣೆಯಲ್ಲಿ ಸಾರಜನಕಕ್ಕೆ −0.20 × 10 ÷ 5, ಅಂದರೆ −0.40. ನೀರಿಗೆ 0.16. ಸಾರಜನಕ ಮತ್ತು ನೀರನ್ನು ಗುಣಿಸಿ ಮಾಡಿದ ಮೂರನೆಯ ಅಂಕಣದ ಮಾನಕ ವಿಚಲನೆ ಸುಮಾರು 648. ಹಾಗಾಗಿ ಅದರ ಬೀಟಾ 1.04. ಓದುಗ ಏನು ತಿಳಿಯಬೇಕು? ಗೊಬ್ಬರ ಹಾನಿಕರ, ನೀರು ಅಲ್ಪ ಸಹಾಯಕ, ಇವೆರಡಕ್ಕಿಂತ ಬಲಶಾಲಿಯಾದ ‘ಅಂತರಕ್ರಿಯೆ’ ಎಂಬ ಯಾವುದೋ ಮೂರನೇ ಶಕ್ತಿ ಹೊಲದಲ್ಲಿ ಕೆಲಸ ಮಾಡುತ್ತಿದೆ! ಬೀಟಾ ಒಂದಕ್ಕಿಂತ ಹೆಚ್ಚಾಗಬಹುದೇ ಎಂಬ ಚರ್ಚೆ ಬೇರೆ ಶುರುವಾಗುತ್ತದೆ. ಆಗಬಹುದು, ಆದರೆ ಇಲ್ಲಿ ಆ ಚರ್ಚೆಯೇ ವ್ಯರ್ಥ.

ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ತಂತ್ರಾಂಶಕ್ಕೆ ಮೂರನೆಯ ಅಂಕಣ ಗುಣಲಬ್ಧ ಎಂಬ ಅರಿವಿಲ್ಲ. ಅದನ್ನು ಸ್ವತಂತ್ರ ಅಳತೆಯೆಂದೇ ಭಾವಿಸಿ, ಗುಣಿಸಿದ ಮೇಲೆ ಮಾನಕೀಕರಿಸುತ್ತದೆ. ಆದರೆ ಗುಣಲಬ್ಧದ ಮಾನಕ ರೂಪವೂ ಮಾನಕ ರೂಪಗಳ ಗುಣಲಬ್ಧವೂ ಒಂದೇ ಅಲ್ಲ. ನೀರು ಮತ್ತು ಗೊಬ್ಬರವನ್ನು ಅಲುಗಿಸದೆ ಅವುಗಳ ಗುಣಲಬ್ಧವನ್ನು ಮಾತ್ರ ಒಂದು ಮಾನಕ ವಿಚಲನೆ ಏರಿಸುವ ರೈತ ಎಲ್ಲಿದ್ದಾನೆ? ಮೊದಲು ಇಳುವರಿಯನ್ನೂ ಸಾರಜನಕವನ್ನೂ ನೀರನ್ನೂ ಬೇರೆ ಬೇರೆಯಾಗಿ ಮಾನಕೀಕರಿಸಬೇಕು, ಅನಂತರ ಮಾನಕೀಕರಿಸಿದ ಸಾರಜನಕ ಮತ್ತು ನೀರನ್ನು ಗುಣಿಸಬೇಕು, ಆ ಗುಣಲಬ್ಧವನ್ನು ಮತ್ತೆ ಮುಟ್ಟಬಾರದು. ಆಮೇಲೆ ಸಮೀಕರಣ ಹಾಕಿ, ಮೂಲ ಸಹಗುಣಕಗಳ ಕಾಲಂ ಓದಬೇಕು. ಪಕ್ಕದ ಬೀಟಾ ಕಾಲಂ ಅಲ್ಲ. ರಾಬರ್ಟ್ ಫ್ರೀಡ್ರಿಕ್ ಎಂಬ ರಾಜಕೀಯ ವಿಜ್ಞಾನಿ 1982ರಲ್ಲೇ ಇದನ್ನು ವಿವರಿಸಿದ್ದರು. ಲಿಯೊನಾ ಏಕನ್ ಮತ್ತು ಸ್ಟೀಫನ್ ವೆಸ್ಟ್ ಅವರ 1991ರ ಪುಸ್ತಕ ಇದನ್ನು ಮನಃಶಾಸ್ತ್ರದ ತರಗತಿಗಳಿಗೆ ಕೊಂಡೊಯ್ದಿತು.

ಹಾಗೆ ಮಾಡಿದಾಗ ನಮ್ಮ ಉದಾಹರಣೆಯಲ್ಲಿ ಸಾರಜನಕಕ್ಕೆ 0.40, ನೀರಿಗೆ 0.80, ಗುಣಲಬ್ಧಕ್ಕೆ 0.16. ದತ್ತಾಂಶ ಅದೇ. ಅಂದಾಜಿಸಿದ ಇಳುವರಿ ಪ್ರತಿ ಹೊಲಕ್ಕೂ ಕಾಳು ಬಿಡದೆ ಅದೇ. ಆದರೆ ಚಿಹ್ನೆ ಬದಲಾಯಿತು, ಹಿರಿಕಿರಿತನವೂ ಬದಲಾಯಿತು.

ಈ ಮೂರನ್ನು ಓದುವುದು ಹೀಗೆ. ನೀರು ಸರಾಸರಿ ಮಟ್ಟದಲ್ಲಿರುವಾಗ ಸಾರಜನಕ ಒಂದು ಮಾನಕ ವಿಚಲನೆ, ಅಂದರೆ 10 ಕಿಲೊ, ಹೆಚ್ಚಿದರೆ ಇಳುವರಿ 0.40 ಮಾನಕ ವಿಚಲನೆ, ಅಂದರೆ 2 ಕ್ವಿಂಟಾಲ್ ಏರುತ್ತದೆ. ‘ನೀರು ಸರಾಸರಿ ಮಟ್ಟದಲ್ಲಿರುವಾಗ’ ಎಂಬ ಮಾತು ಬಿಟ್ಟರೆ ವಾಕ್ಯ ಸುಳ್ಳಾಗುತ್ತದೆ. 0.16 ಎಂಬುದು ಸಾರಜನಕಕ್ಕೂ ನೀರಿಗೂ ಪಕ್ಕದಲ್ಲಿ ನಿಲ್ಲಿಸಿ ಅಳೆಯಬೇಕಾದ ಮೂರನೇ ಕಾರಣವಲ್ಲ, ಅದು 0.40ಕ್ಕೆ ಆಗುವ ತಿದ್ದುಪಡಿ. ನೀರು ಒಂದು ಮಾನಕ ವಿಚಲನೆ ಮೇಲಿದ್ದರೆ ಸಾರಜನಕದ ಫಲ 0.56, ಒಂದು ಕೆಳಗಿದ್ದರೆ 0.24, ಎರಡೂವರೆ ಕೆಳಗಿದ್ದರೆ ಸೊನ್ನೆ. ಆ ಎರಡೂವರೆ ಕೆಳಗಿನ ಬಿಂದು 25 ಸೆಂಟಿಮೀಟರ್. ಮೂಲ ಸಮೀಕರಣದಲ್ಲೂ ಸೊನ್ನೆ ಸಿಕ್ಕಿದ್ದು ಅಲ್ಲೇ. ತಿದ್ದುಪಡಿ ಎರಡೂ ಕಡೆಗೆ ಅನ್ವಯ: ಸಾರಜನಕ ಒಂದು ಮಾನಕ ವಿಚಲನೆ ಏರಿದಾಗ ನೀರಿನ 0.80 ಕೂಡ 0.96 ಆಗುತ್ತದೆ. 0.16 ಚಿಕ್ಕದು, ಆದ್ದರಿಂದ ಅಂತರಕ್ರಿಯೆ ಅಮುಖ್ಯ ಎಂದು ಬರೆಯುವವರು 0.24 ಮತ್ತು 0.56ರ ನಡುವಿನ ದೂರವನ್ನು ನೋಡಲಿ. ಒಂದಕ್ಕಿಂತ ಇನ್ನೊಂದು ಎರಡು ಪಟ್ಟಿಗೂ ಹೆಚ್ಚು.

ಪ್ರತಿ ಮಟ್ಟದ ಫಲಕ್ಕೂ ಅದರದೇ ಮಾನಕ ದೋಷ ಇರುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಸರಾಸರಿ ನೀರಿನಲ್ಲಿ ಸಾರ್ಥಕವಾದ ಫಲ ಕಡಿಮೆ ನೀರಿನಲ್ಲಿ ಸಾರ್ಥಕವಾಗದೆ ಇರಬಹುದು. ಫಲ ಯಾವ ಮಟ್ಟದಿಂದ ಯಾವ ಮಟ್ಟದವರೆಗೆ ನಂಬುವಂತಿದೆ ಎಂದು ಗುರುತಿಸುವ ವಿಧಾನವನ್ನು ಪಾಮರ್ ಜಾನ್ಸನ್ ಮತ್ತು ಜೆರ್ಜಿ ನೇಮನ್ 1936ರಲ್ಲೇ ಕೊಟ್ಟಿದ್ದಾರೆ.

ಕ್ರಮ ಸರಿಯಾದರೆ ಎಲ್ಲ ಸರಿಯಾಯಿತೇ? ಇಲ್ಲ. ಇನ್ನೂ ಆಳದ ತೊಡಕು ಮಾನಕ ವಿಚಲನೆಯಲ್ಲೇ ಇದೆ. ಅದು ಬೆಳೆಯ ಗುಣವಲ್ಲ, ಆಯ್ದ ಹೊಲಗಳ ಗುಣ.

ದಾವಣಗೆರೆ ಜಿಲ್ಲೆ ಇದನ್ನು ಕಲಿಸಲೆಂದೇ ಇದ್ದಂತಿದೆ. 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕುಗಳನ್ನು ಜೋಡಿಸಿ ಕಟ್ಟಿದ ಜಿಲ್ಲೆ ಇದು. ಒಂದು ಕಡೆ ಮಲೆನಾಡಿನ ಅಂಚು, ಇನ್ನೊಂದು ಕಡೆ ಬರದ ಬಯಲು. ಚನ್ನಗಿರಿಯಲ್ಲಿ ಅಡಿಕೆ, ಮಲೇಬೆನ್ನೂರು ಸೀಮೆಯಲ್ಲಿ ಭದ್ರಾ ನಾಲೆಯ ಭತ್ತ, ಜಗಳೂರಿನಲ್ಲಿ ಮುಗಿಲು ನೋಡುವ ಬೇಸಾಯ. ಅಚ್ಚುಕಟ್ಟಿನಲ್ಲಿ ಭತ್ತದ್ದೇ ರಾಜ್ಯಭಾರ. ನಾಲೆಯ ಕೊನೆಭಾಗಕ್ಕೆ ನೀರು ಬರುವುದಿಲ್ಲ ಎಂಬುದು ಬೇಸಿಗೆ ಬಂದರೆ ತಪ್ಪದ ದೂರು. ಹಾಗಾಗಿ ಅರೆ ಖುಷ್ಕಿ ಬೆಳೆಯಾಗಿ ಮೆಕ್ಕೆಜೋಳ ಹಾಕುವವರೂ ಇದ್ದಾರೆ.

ಮೇಲಿನ ಸಮೀಕರಣವೇ ಇಡೀ ಜಿಲ್ಲೆಗೆ ನಿಜ ಎನ್ನೋಣ. ಈಗ ನಾಲೆಯ ತಲೆಭಾಗದ ಹೊಲಗಳನ್ನಷ್ಟೇ ಆಯ್ದರೆ ಏನಾಗುತ್ತದೆ? ನೀರಿನ ಸರಾಸರಿ ಅದೇ 50 ಇರಲಿ, ಏರಿಳಿತ ಮಾತ್ರ 10ರಿಂದ 2ಕ್ಕೆ ಇಳಿಯಲಿ. ನೀರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಸಮ ಸಿಗುವುದರಿಂದ ಇಳುವರಿಯ ಏರಿಳಿತವೂ ತಗ್ಗಿ, ಮಾನಕ ವಿಚಲನೆ ಸುಮಾರು 3 ಆಗುತ್ತದೆ. ಆಗ ಸಾರಜನಕದ ಬೀಟಾ 0.67, ನೀರಿನದು 0.27. ಜಿಲ್ಲೆಯಲ್ಲಿ ನೀರು ಗೊಬ್ಬರದ ಎರಡು ಪಟ್ಟು ಮುಖ್ಯ. ನಾಲೆಯ ತಲೆಭಾಗದಲ್ಲಿ ಗೊಬ್ಬರವೇ ನೀರಿಗಿಂತ ಮುಖ್ಯ! ಒಂದು ಸೆಂಟಿಮೀಟರ್ ನೀರಿಗೆ ಎಷ್ಟು ಕ್ವಿಂಟಾಲ್ ಎಂಬ ದರ ಎರಡೂ ಕಡೆ 0.40ರಲ್ಲೇ ನಿಂತಿದೆ. ಬದಲಾದದ್ದು ನೀರಿನ ಹಂಚಿಕೆ ಮಾತ್ರ. ಅಲ್ಲಿ ನೀರಿಗೆ ಬೆಲೆ ಕಡಿಮೆಯಾದದ್ದಲ್ಲ, ನೀರಿನ ಕೊರತೆ ಕಡಿಮೆಯಾದದ್ದು. ಬೀಟಾ ಇವೆರಡನ್ನು ಬೇರ್ಪಡಿಸುವುದಿಲ್ಲ.

ಸರಾಸರಿ ಸರಿದರೂ ಇದೇ ಪಾಡು. ನೀರಿನ ಸರಾಸರಿ 35 ಸೆಂಟಿಮೀಟರ್ ಇರುವ ಒಣ ಹಳ್ಳಿಗಳಲ್ಲಿ ಮಾನಕೀಕರಣದ ಸೊನ್ನೆ 35ರಲ್ಲಿ ಬಂದು ಕೂರುತ್ತದೆ. ಅಲ್ಲಿ ಕಿಲೊ ಸಾರಜನಕದ ಫಲ 0.08 ಕ್ವಿಂಟಾಲ್. ಒಬ್ಬ ವಿದ್ಯಾರ್ಥಿ ಜಗಳೂರಿನಲ್ಲಿ, ಇನ್ನೊಬ್ಬ ಹರಿಹರದಲ್ಲಿ ಸಮೀಕ್ಷೆ ಮಾಡಿ ಬೀಟಾಗಳನ್ನು ಅಕ್ಕಪಕ್ಕ ಇಟ್ಟರೆ ಎರಡು ಊರಿನ ರೈತರ ಜಾಣತನಕ್ಕೇ ಅಂತರವಿದೆ ಎಂಬ ತೀರ್ಮಾನಕ್ಕೆ ಬರಬಹುದು. ಇರುವುದು ಒಂದೇ ಸಮೀಕರಣ, ಸೊನ್ನೆಗಳು ಎರಡು. ಊರುಗಳನ್ನು ಹೋಲಿಸುವಾಗ ಕಿಲೊ, ಕ್ವಿಂಟಾಲ್, ಸೆಂಟಿಮೀಟರುಗಳಲ್ಲಿ ಹೋಲಿಸುವುದೇ ಕ್ಷೇಮ. ಟುಕಿ ಎತ್ತಿದ ತಕರಾರಿನ ತಿರುಳು ಇದೇ.

ನಾಲೆ ಇದೆ, ನಾಲೆ ಇಲ್ಲ ಎಂದು 1 ಮತ್ತು 0 ಬರೆದುಕೊಂಡವರ ಕಷ್ಟ ಇನ್ನೊಂದು ಬಗೆಯದು. ಅರ್ಧದಷ್ಟು ಹೊಲಗಳಿಗೆ ನಾಲೆಯಿದ್ದರೆ ಆ ಅಂಕಣದ ಮಾನಕ ವಿಚಲನೆ 0.5. ಒಂದು ಮಾನಕ ವಿಚಲನೆ ಏರಿಕೆ ಎಂದರೆ ಅರ್ಧ ನಾಲೆ! ಇಂಥ ಅಂಕಣವನ್ನು ಮಾನಕೀಕರಿಸದೆ 0 ಮತ್ತು 1 ಆಗಿಯೇ ಬಿಡಬೇಕು. ಅದರೊಂದಿಗೆ ಉಳಿದ ಅಳತೆಗಳನ್ನು ಹೋಲಿಸುವ ಹಾಗಾಗಲೆಂದು ಆಂಡ್ರ್ಯೂ ಗೆಲ್ಮನ್ 2008ರಲ್ಲಿ ಒಂದು ಉಪಾಯ ಸೂಚಿಸಿದರು: ಅಖಂಡ ಅಳತೆಗಳನ್ನು ಒಂದರ ಬದಲು ಎರಡು ಮಾನಕ ವಿಚಲನೆಗಳಿಂದ ಭಾಗಿಸುವುದು. ಆಗ ಕಡಿಮೆ ಗೊಬ್ಬರದಿಂದ ಹೆಚ್ಚು ಗೊಬ್ಬರಕ್ಕೆ ಹೋಗುವ ಜಿಗಿತ, ನಾಲೆ ಇಲ್ಲದ ಹೊಲದಿಂದ ಇರುವ ಹೊಲಕ್ಕೆ ಹೋಗುವ ಜಿಗಿತಕ್ಕೆ ಸರಿಸುಮಾರು ಸಮನಾಗುತ್ತದೆ.

ಹೊಲ ಬಿಟ್ಟು ಆಸ್ಪತ್ರೆಗೆ ಹೋದರೂ ಇದೇ ಕಥೆ. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳ ದಾಖಲೆ ಉಳಿದುಬಂದಿತ್ತು. ಆ ದಾಖಲೆ ಹಿಡಿದು 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಲಾಯಿತು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ವರದಿಯ ಪ್ರಕಾರ, ಹುಟ್ಟುವಾಗ 2.5 ಕಿಲೊ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗ ಶೇಕಡಾ 11, ಎಲ್ಲರಿಗಿಂತ ಹೆಚ್ಚು ತೂಗಿದವರ ಗುಂಪಿನಲ್ಲಿ ಶೇಕಡಾ 3. ಬೇರು ಹುಟ್ಟಿನ ತೂಕದಲ್ಲಿದೆಯೇ, ಆಮೇಲೆ ಬಂದ ಮೈಯಲ್ಲಿದೆಯೇ, ಎರಡರ ಜೋಡಿಯಲ್ಲಿದೆಯೇ ಎಂಬುದು ಈ ಬಗೆಯ ಎಲ್ಲ ಅಧ್ಯಯನಗಳ ಪ್ರಶ್ನೆ.

ಅಲನ್ ಲ್ಯೂಕಸ್, ಮೇರಿ ಫ್ಯೂಟ್ರೆಲ್, ಟಿಮ್ ಕೋಲ್ 1999ರಲ್ಲಿ ಇದಕ್ಕೆ ನಾಲ್ಕು ಹೆಜ್ಜೆ ಹಾಕಿಕೊಟ್ಟರು: ಹುಟ್ಟಿನ ಗಾತ್ರ ಮಾತ್ರ, ಈಗಿನ ಗಾತ್ರ ಮಾತ್ರ, ಎರಡೂ ಒಟ್ಟಿಗೆ, ಕೊನೆಗೆ ಎರಡರ ಗುಣಲಬ್ಧವೂ ಸೇರಿ. ಮೂರನೇ ಹೆಜ್ಜೆಯಲ್ಲೇ ಒಂದು ಹೊಂಡವಿದೆ. ಮಾನಕೀಕರಿಸಿದ ಸಮೀಕರಣದಲ್ಲಿ ಈಗಿನ ಗಾತ್ರಕ್ಕೆ 0.5, ಹುಟ್ಟಿನ ಗಾತ್ರಕ್ಕೆ −0.2 ಬಂದಿದೆ ಎಂದುಕೊಂಡರೆ, ಅದನ್ನೇ ಈಗಿನ ಗಾತ್ರಕ್ಕೆ 0.3, ಹುಟ್ಟಿನಿಂದ ಈವರೆಗಿನ ಬದಲಾವಣೆಗೆ 0.2 ಎಂದೂ ಬರೆಯಬಹುದು. ಬೀಜಗಣಿತದಲ್ಲಿ ಎರಡೂ ಒಂದೇ. ಮೊದಲ ಓದಿನಲ್ಲಿ ಆರೋಪ ಬಸಿರಿನ ಮೇಲೆ, ಎರಡನೆಯದರಲ್ಲಿ ಹುಟ್ಟಿದ ಮೇಲಿನ ಬೆಳವಣಿಗೆಯ ಮೇಲೆ. ನಾಲ್ಕನೇ ಹೆಜ್ಜೆಯಲ್ಲಿ ಗುಣಲಬ್ಧ ಸೇರಿದಾಗ ಹುಟ್ಟಿನ ಗಾತ್ರದ ಸಹಗುಣಕ ‘ಈಗಿನ ಗಾತ್ರ ಸರಾಸರಿಯಾದವರಲ್ಲಿ’ ಎಂಬ ಷರತ್ತಿಗೆ ಒಳಪಡುತ್ತದೆ. ಯಾರ ಸರಾಸರಿ? ಮೈಸೂರಿನ ಸರಾಸರಿ ಮೈಕಟ್ಟೂ ಇಂಗ್ಲೆಂಡಿನ ಸರಾಸರಿ ಮೈಕಟ್ಟೂ ಬೇರೆ. ಅಲ್ಲಿನ ಬೀಟಾ ತಂದು ಇಲ್ಲಿನದರ ಪಕ್ಕ ಇಡುವ ಮುನ್ನ ಜಗಳೂರು ಮತ್ತು ಹರಿಹರದ ಎರಡು ಸೊನ್ನೆಗಳು ನೆನಪಿರಬೇಕು.

ಪ್ರಬಂಧ ಮಾರ್ಗದರ್ಶಕರು ತಪ್ಪದೆ ಎತ್ತುವ ಒಂದು ಆಕ್ಷೇಪಣೆ ಉಳಿದಿದೆ: ಗುಣಲಬ್ಧ ಹಾಕಿದರೆ ಚರಾಂಶಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯಲ್ಲ? ನಮ್ಮ ಉದಾಹರಣೆಯಲ್ಲಿ ಸಾರಜನಕಕ್ಕೂ ಗುಣಲಬ್ಧಕ್ಕೂ ನಡುವಿನ ಸಹಸಂಬಂಧ 0.77. ಸರಾಸರಿ ಕಳೆದು ಗುಣಿಸಿದರೆ ಅದು ಸೊನ್ನೆಗೆ ಬರುತ್ತದೆ, ಎಚ್ಚರಿಕೆಯ ಸೂಚ್ಯಂಕ ತಣ್ಣಗಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಗುಣಲಬ್ಧದ ಟಿ ಮೌಲ್ಯ ಮೊದಲೆಷ್ಟಿತ್ತೋ ಈಗಲೂ ಅಷ್ಟೇ. ಸಮೀಕರಣ ವಿವರಿಸುವ ಏರಿಳಿತದ ಪಾಲೂ ಅಷ್ಟೇ. ಸರಾಸರಿ ಕಳೆಯುವುದರಿಂದ ಓದು ಹಗುರಾಗುತ್ತದೆ, ಸಾಕ್ಷ್ಯ ಗಟ್ಟಿಯಾಗುವುದಿಲ್ಲ.

ಸಾಕ್ಷ್ಯ ಗಟ್ಟಿಯಾಗಬೇಕಾದರೆ ಹೊಲಗಳ ಸಂಖ್ಯೆ ಮತ್ತು ಆಯ್ಕೆ ಗಟ್ಟಿಯಾಗಬೇಕು. ಇಲ್ಲಿ ಗೆಲ್ಮನ್ ಅವರದೇ ಇನ್ನೊಂದು ಲೆಕ್ಕ ಎದೆಗುಂದಿಸುವಂಥದು. ಸಮ ಗಾತ್ರದ ಎರಡೆರಡು ಗುಂಪುಗಳ ಹೋಲಿಕೆಯಲ್ಲಿ ಅಂತರಕ್ರಿಯೆಯ ಮಾನಕ ದೋಷ ಮುಖ್ಯ ಪರಿಣಾಮದ್ದರ ಎರಡು ಪಟ್ಟು. ಅಂತರಕ್ರಿಯೆಯ ಗಾತ್ರ ಮುಖ್ಯ ಪರಿಣಾಮದ ಅರ್ಧವಿದ್ದರೆ, ಅದನ್ನು ಅಷ್ಟೇ ಖಚಿತವಾಗಿ ಹಿಡಿಯಲು 16 ಪಟ್ಟು ದೊಡ್ಡ ಸಮೀಕ್ಷೆ ಬೇಕು. ನೂರು ರೈತರನ್ನು ಕೇಳಿ ಗೊಬ್ಬರದ ಪರಿಣಾಮ ಸಾಧಿಸಿದವರು ಗೊಬ್ಬರ ಮತ್ತು ನೀರಿನ ಅಂತರಕ್ರಿಯೆಗೆ 1600 ಮಂದಿಯ ಮನೆ ಬಾಗಿಲು ತಟ್ಟಬೇಕು. ಪಿಎಚ್‌ಡಿ ವಿದ್ಯಾರ್ಥಿಯ ಜೇಬಿಗೆ ಇದು ನಿಲುಕದ ಮಾತು.

ಜೇಬಿಗೆ ನಿಲುಕುವ ದಾರಿ ಆಯ್ಕೆಯಲ್ಲಿದೆ. ಒಂದೇ ಹೋಬಳಿಯಲ್ಲಿ ಕೈಗೆ ಸಿಕ್ಕ ಹೊಲಗಳನ್ನು ಬರೆದುಕೊಂಡರೆ ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅಂತರಕ್ರಿಯೆ ಕಾಣಲು ಜಾಗವೇ ಇರುವುದಿಲ್ಲ. ಅದರ ಬದಲು ನಾಲೆಯ ತಲೆಭಾಗ, ಕೊನೆಭಾಗ, ಜಗಳೂರಿನ ಖುಷ್ಕಿ ಎಂದು ಬೇಕೆಂದೇ ದೂರ ದೂರದ ಹೊಲಗಳನ್ನು ಆರಿಸಿ, ಪ್ರತಿ ಕಡೆಯೂ ಕಡಿಮೆ ಗೊಬ್ಬರದವರು ಮತ್ತು ಹೆಚ್ಚು ಗೊಬ್ಬರದವರು ಇಬ್ಬರೂ ಸಿಗುವಂತೆ ನೋಡಿಕೊಂಡರೆ ಅಷ್ಟೇ ಹೊಲಗಳಲ್ಲಿ ಎಷ್ಟೋ ಹೆಚ್ಚು ತಿಳಿಯುತ್ತದೆ. ಹಾಗೆ ಆರಿಸಿದ ಮೇಲೆ ಮಾನಕ ವಿಚಲನೆ ಸಂಶೋಧಕ ತಾನೇ ಮಾಡಿಕೊಂಡ ಅಂಕಿಯಾಗುತ್ತದೆ, ಬೀಟಾಗೆ ಜಿಲ್ಲೆಯ ಅರ್ಥ ಉಳಿಯುವುದಿಲ್ಲ. ಆಗ ಕೋಷ್ಟಕದಲ್ಲಿ ಇರಬೇಕಾದದ್ದು ನೀರು 35, 50, 65 ಸೆಂಟಿಮೀಟರ್ ಇರುವಾಗ ಒಂದು ಚೀಲ ಯೂರಿಯಾಕ್ಕೆ ಎಷ್ಟು ಕ್ವಿಂಟಾಲ್ ಎಂಬ ಮೂರು ಸಾಲು. ನಮ್ಮ ಕಲ್ಪಿತ ಹೊಲಗಳಲ್ಲಿ ಅದು ಕ್ರಮವಾಗಿ 1.7, 4.1 ಮತ್ತು 6.6.